ಚಳಿ ಮುಗಿಯುತ್ತಲೇ ಟೆಂಟ್ ಹೊತ್ತು ಹೊರಟರೆ: ಕಚ್ಚುವ ಹುಳಗಳಿಗೆ ನೀವೇನು ಮಾಡುತ್ತೀರಿ?

ಹೊಸ ಟೆಂಟ್:
ಎಲೆ ಚಿಗುರುವ ಹೊತ್ತಿಗೆ ಕಾಡಂಚಿನಲ್ಲಿ ಎರಡು ರಾತ್ರಿ ಇರುವ ಯೋಚನೆ ಇದೆ. ಜಾಗ ಹರಿಯುವ ತೊರೆಯ ಪಕ್ಕ. ಜೊತೆಗೆ ಆರು ವರ್ಷದ ಮಗಳು. ಸೊಳ್ಳೆ ಕಚ್ಚಿದರೆ ಅವಳ ಕೈ ಊದಿಕೊಳ್ಳುತ್ತದೆ. ಹುಳ ದೂರವಿಡಲು ಮೈಗೆ ಹಚ್ಚುವುದರಲ್ಲಿ ಡೀಟ್ ತರಲೋ, ಪಿಕಾರಿಡಿನ್ ಸಾಕೋ? ಟೆಂಟ್ ತೊರೆಯಿಂದ ದೂರ ಹಾಕಬೇಕಾ? ಅನುಭವ ಇದ್ದವರು ಹೇಳಿ.

ಬೆಟ್ಟದ ಹುಚ್ಚ:
ಡೀಟ್ ತಗೊಳ್ಳಿ, ಬೇರೆ ಮಾತೇ ಬೇಡ. 1946ರಲ್ಲಿ ಅಮೆರಿಕದ ಸೇನೆಗೆ ಅಂತ ತಯಾರಾದದ್ದು, 1957ರಿಂದ ಎಲ್ಲರಿಗೂ ಸಿಗುತ್ತಿದೆ. ಇಷ್ಟು ವರ್ಷ ತಾಳಿದ್ದು ಇನ್ಯಾವುದಿದೆ? ಶೇಕಡಾ 30 ಸಾಕು. 100 ಅಂತ ಬರೆದದ್ದನ್ನು ಹುಡುಕಿ ತರುವವರು ಸುಮ್ನೆ ದುಡ್ಡು ಸುರಿಯುತ್ತಾರೆ. ಪ್ರಮಾಣ ಏರಿದರೆ ಜಾಸ್ತಿ ಹೊತ್ತು ಇರುತ್ತದೆ ಅಷ್ಟೇ. ಅದೂ 50 ದಾಟಿದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಹಾಗಂತ ಅದು ನನ್ನಿಂದ ಏನೂ ಕಿತ್ತುಕೊಂಡಿಲ್ಲ ಅನ್ನಲಾರೆ. ಮೊದಲು ಹೋದದ್ದು ವಾಚು. ಗಾಜು ಅಂತ ಮಾರಿದ್ದು ಪ್ಲಾಸ್ಟಿಕ್. ಕ್ರೀಮ್ ಹಚ್ಚಿದ ಕೈಯಲ್ಲಿ ಅದರ ಮೇಲಿನ ಮಂಜು ಒರೆಸಿದೆ, ಹೆಬ್ಬೆರಳಿನ ಗೆರೆ ಗೆರೆಯೂ ಅಚ್ಚೊತ್ತಿ ಕೂತಿತು. ಈಗ ಐದು ಗಂಟೆಯೋ ಆರು ಗಂಟೆಯೋ ಕಾಣುವುದಿಲ್ಲ. ಆಮೇಲೆ ಕನ್ನಡಕದ ಫ್ರೇಮು. ಕಿವಿ ಹಿಂದಿನ ತುದಿ ಅಂಟಂಟಾಗಿ ಕೂದಲು ಎಳೆಯತೊಡಗಿತು. ಆಮೇಲೆ ಟಾರ್ಚಿನ ಬಣ್ಣ. ಹೆಂಡತಿಯ ಹೊಸ ಲೆಗ್ಗಿಂಗ್ಸ್, ಸ್ಪ್ಯಾಂಡೆಕ್ಸ್‌ದು, ಅದರ ಕಥೆ ಬೇಡ. ಹತ್ತಿಗೆ, ನೈಲಾನಿಗೆ ಮಾತ್ರ ಏನೂ ಆಗುವುದಿಲ್ಲ. ಇಷ್ಟೆಲ್ಲ ಹೋದರೂ ಮೈಮೇಲೆ ಒಂದು ಗುಳ್ಳೆ ಇಲ್ಲ, ನೋಡಿ.

ನಿಧಾನಿ:
ವಾಚು ಕರಗಿಸಿಕೊಂಡು ಹೆಮ್ಮೆ ಪಡುವವರನ್ನು ಈಗಲೇ ನೋಡುತ್ತಿರುವುದು. ಶೇಕಡಾ 20ರ ಪಿಕಾರಿಡಿನ್ ಸೊಳ್ಳೆಗೆ ಡೀಟ್‌ನಷ್ಟೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ತಿನ್ನುವುದಿಲ್ಲ, ವಾಸನೆಯೂ ಕಡಿಮೆ.

ಆದರೆ ನನ್ನ ಕಥೆ ಸೊಳ್ಳೆಯದಲ್ಲ, ಕಪ್ಪು ನೊಣದ್ದು. ಬ್ಲ್ಯಾಕ್‌ಫ್ಲೈ ಅನ್ನುತ್ತಾರಲ್ಲ, ಅದು. ಸೊಳ್ಳೆಗೆ ನಿಂತ ನೀರು ಬೇಕು, ಇದಕ್ಕೆ ಹರಿಯುವ ನೀರು. ಮರಿಗಳು ತೊರೆಯ ಕಲ್ಲಿಗೇ ಅಂಟಿಕೊಂಡು ಬೆಳೆಯುತ್ತವೆ. ನೀರು ತಿಳಿಯಾಗಿದೆ, ಸೊಳ್ಳೆ ಇರಲ್ಲ ಅಂತ ನಮ್ಮ ತಂಡದ ಮುಖ್ಯಸ್ಥರು ಅಲ್ಲೇ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮುಖದ ಸುತ್ತ ಮೋಡ. ಪಿಕಾರಿಡಿನ್ ಹಚ್ಚಿದ ಕಡೆ ಅಷ್ಟಾಗಿ ಕೂರಲಿಲ್ಲ, ನಿಜ. ಅವು ತೆವಳಿಕೊಂಡು ಟೋಪಿಯ ಅಂಚಿನೊಳಗೆ, ಕಿವಿಯ ಹಿಂದೆ, ಕಾಲ್ಚೀಲದ ಪಟ್ಟಿಯೊಳಗೆ ಹೋದವು. ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ. ಕುತ್ತಿಗೆ ಮುಟ್ಟಿ ನೋಡಿದರೆ ಬೆರಳಿಗೆ ರಕ್ತ. ಸಂಜೆಗೆ ಒಂದು ಕಣ್ಣು ಪೂರ್ತಿ ಮುಚ್ಚಿತು, ಕುತ್ತಿಗೆಯ ಗಂಟುಗಳು ಊದಿದವು, ತಲೆನೋವು, ಮೈ ಬಿಸಿ. ಕತ್ತಲಾದ ಮೇಲೆ ಒಂದೂ ಇಲ್ಲ. ಅವು ಹಗಲಿನ ಕೆಲಸಗಾರರು, ಟೆಂಟಿನೊಳಗೆ ಬಂದರೂ ಕಚ್ಚುವ ಗೋಜಿಗೆ ಹೋಗದೆ ಬಟ್ಟೆಗೆ ಅಂಟಿ ಹೊರಗೆ ಹೋಗಲು ಒದ್ದಾಡುತ್ತವೆ. ಹಗಲೆಲ್ಲ ತಲೆಗೆ ನೆಟ್, ತಿಳಿ ಬಣ್ಣದ ಅಂಗಿ, ತೋಳಿಗೆ ಬಿಗಿ ಪಟ್ಟಿ. ಕಡುಬಣ್ಣಕ್ಕೆ ಮುತ್ತುತ್ತವೆ.

ಉಣುಗು ಸಂತ್ರಸ್ತ:
ಸೊಳ್ಳೆ, ನೊಣ ಅಂತ ಹಲುಬುತ್ತಿದ್ದೀರಿ. ಚಳಿ ಬಿಟ್ಟ ಹೊಸದರಲ್ಲಿ ಹೆದರಬೇಕಾದ್ದು ಉಣುಗಿಗೆ. ಅದು ಹಾರುವುದೂ ಇಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿರುತ್ತದೆ, ನಿಮ್ಮ ಪ್ಯಾಂಟು ತಾಗಿದರೆ ಹತ್ತಿತು. ಮರಿ ಉಣುಗು ಗಸಗಸೆ ಕಾಳಿನಷ್ಟೇ.

ನನಗೆ ಮೊಣಕಾಲಿನ ಹಿಂದೆ ಹಿಡಿದಿತ್ತು. ಜೊತೆಗಿದ್ದ ಮಹಾನುಭಾವ ಚಿಮುಟ ತರುವ ಬದಲು ವ್ಯಾಸಲೀನ್ ಬಳಿದ. ಬಿಡಲಿಲ್ಲ. ಕಡ್ಡಿ ಗೀರಿ ಬಿಸಿ ಮುಟ್ಟಿಸಿದ. ಚರ್ಮ ಸುಟ್ಟಿತು, ಉಣುಗು ಅಲ್ಲೇ. ಆಮೇಲೆ ತಿರುಚಿ ಕಿತ್ತ, ಬಾಯಿ ಒಳಗೆ ಉಳಿಯಿತು. ಚೂಪು ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ, ನಿಧಾನಕ್ಕೆ ಎಳೆಯಬೇಕು ಅಂತ ಎಷ್ಟು ಹೇಳಿದರೂ ಕೇಳಬೇಕಲ್ಲ! ಎರಡು ವಾರಕ್ಕೆ ಅಲ್ಲಿ ಕೆಂಪು ಕಲೆ, ಅಂಗೈಯಗಲ. ಮೊದಲು ನೋಡಿದ ವೈದ್ಯರು ಅಲರ್ಜಿ ಅಂದು ಮುಲಾಮು ಬರೆದರು. ಉಣುಗು ಅಂದೆ, ಕೇಳಿಸಿಕೊಳ್ಳಲಿಲ್ಲ. ಎರಡನೆಯವರು ಉಣುಗಿನಿಂದ ಬರುವ ಲೈಮ್ ಕಾಯಿಲೆ ಅಂದರು, ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಕೊಟ್ಟರು. ಆ ಮಾತ್ರೆ ತಿಂದು ಬಿಸಿಲಿಗೆ ಹೋದೆ, ಮೈ ಸುಟ್ಟಂತಾಯಿತು. ಅದೊಂದು ಬೇರೆ ಗೋಳು.

ಈಗ ಬಟ್ಟೆ, ಬೂಟು ಎಲ್ಲಕ್ಕೂ 0.5 ಶೇಕಡಾ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆಯುತ್ತೇನೆ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ಒಗೆಯುವ ಮೊದಲೇ ಡ್ರೈಯರಿಗೆ, ಜಾಸ್ತಿ ಬಿಸಿಯಲ್ಲಿ ಹತ್ತು ನಿಮಿಷ. ಒಗೆದರೆ ಸಾಯದ ಉಣುಗು ಒಣಬಿಸಿಗೆ ಸಾಯುತ್ತದೆ.

ಬೆಟ್ಟದ ಹುಚ್ಚ:
ಕೇಳಿದ್ದು ಹುಳದ ಬಗ್ಗೆ. ಉಣುಗು ಕೀಟವೇ ಅಲ್ಲ. ಎಂಟು ಕಾಲು, ಜೇಡದ ಕಡೆಯದು.

ಉಣುಗು ಸಂತ್ರಸ್ತ:
ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗೆ ಆರೇ ಕಾಲು ಸ್ವಾಮಿ. ಎಣಿಸಲು ಕೂತರೆ ಪೂರ್ತಿ ಎಣಿಸಿ. ನನ್ನ ಕಾಲಿನ ಕಲೆ ಕೀಟದ್ದೋ ಜೇಡದ್ದೋ ಅಂತ ನೋಡಿ ಬರಲಿಲ್ಲ.

ಬೆಕ್ಕಿನಮನೆ:
ಪರ್ಮೆಥ್ರಿನ್ ಹೊಡೆಯಿರಿ ಅಂತ ಹೇಳಿ ಬೆಕ್ಕಿನ ವಿಷಯ ಹೇಳದೆ ಹೋದಿರಲ್ಲ ಸರ್, ಅದಕ್ಕೇ ಕೋಪ ಬರುವುದು. ನಮ್ಮೆಜಮಾನರು ಪ್ಯಾಂಟಿಗೆ ಹೊಡೆದು ಬಾಲ್ಕನಿಯಲ್ಲಿ ಹಾಕಿದ್ದರು. ಇನ್ನೂ ಹಸಿ ಇತ್ತು. ಬೆಕ್ಕು ಅದರ ಮೇಲೇ ಮಲಗಿ ಮೈ ನೆಕ್ಕಿಕೊಂಡಿದೆ. ರಾತ್ರಿ ಕಿವಿ ಅದುರತೊಡಗಿತು, ಆಮೇಲೆ ಇಡೀ ಮೈ. ಪಶುವೈದ್ಯರ ಬಳಿ ರಾತ್ರಿಯಿಡೀ ಡ್ರಿಪ್, ನಡುಕ ನಿಲ್ಲಲು ಇಂಜೆಕ್ಷನ್, ಮೈ ತೊಳೆಯುವುದು. ಆ ಬಿಲ್ಲಿನಲ್ಲಿ ಹೊಸ ಟೆಂಟೇ ಬರುತ್ತಿತ್ತು. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸುವ ಶಕ್ತಿ ಇಲ್ಲವಂತೆ. ಬಾಟಲಿಯ ಮೇಲೆ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಬರೆದಿದ್ದರು. ಮೀನಿಗೂ ವಿಷ, ತೊರೆ ಹತ್ತಿರ ಹೊಡೆಯಲೇಬೇಡಿ.

ಉಣುಗು ಸಂತ್ರಸ್ತ:
ಒಣಗಿದ ಮೇಲೆ ಆ ಅಪಾಯ ಇಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಒಣಗಿಸಿದ್ದರೆ ಆಗುತ್ತಿತ್ತು.

ಬೆಕ್ಕಿನಮನೆ:
ನಿಮ್ಮ ಮೊಣಕಾಲಿಗೆ ಕಡ್ಡಿ ಗೀರಿದವರಿಗೂ ಹೀಗೇ ಸಮಾಧಾನವಾಗಿ ಹೇಳಿದಿರಾ?

ಹಸಿರು ಬದುಕು:
ಇಷ್ಟೊಂದು ರಾಸಾಯನಿಕ ಯಾಕೆ? ನಾವು ಬೆಳ್ಳುಳ್ಳಿ ತಿಂದು ಹೊರಡುತ್ತೇವೆ, ಬಿ ವಿಟಮಿನ್ ಮಾತ್ರೆ ತಗೊಳ್ಳುತ್ತೇವೆ, ನೀಲಗಿರಿ ಎಣ್ಣೆ ಬಳಿಯುತ್ತೇವೆ. ಹುಳ ಮುಟ್ಟುವುದಿಲ್ಲ.

ನಿಧಾನಿ:
ಬೆಳ್ಳುಳ್ಳಿಗೆ ಹುಳ ಹೆದರುವುದಿಲ್ಲ, ಪಕ್ಕದವರು ಹೆದರುತ್ತಾರೆ. ಬಿ ವಿಟಮಿನ್ನಿಗೂ ಸೊಳ್ಳೆಗೂ ಸಂಬಂಧ ಇಲ್ಲ, ಕಿರ್ ಅನ್ನುವ ಅಲ್ಟ್ರಾಸಾನಿಕ್ ಡಬ್ಬಿಗೂ ಇಲ್ಲ. ಗಿಡದ್ದೇ ಬೇಕು ಅಂದರೆ ಲೆಮನ್ ಯೂಕಲಿಪ್ಟಸ್ ಗಿಡದಿಂದ ಮಾಡಿದ, ಮೈಗೆ ಹಚ್ಚುವ ಪಿಎಂಡಿ ಅನ್ನುವುದು ಇದೆ, ಕೆಲಸವೂ ಮಾಡುತ್ತದೆ. ಸುಮ್ನೆ ಭಟ್ಟಿ ಇಳಿಸಿದ ಎಣ್ಣೆ ಅದಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಅದನ್ನೂ ಹಚ್ಚಬಾರದು.

ಹಸಿರು ಬದುಕು:
ನಮ್ಮನ್ನು ಕಚ್ಚಿಲ್ಲ. ನಿಮ್ಮ ಕಣ್ಣು ಮುಚ್ಚಿತ್ತು. ಯಾರದ್ದು ಸರಿ?

ಹೊಸ ಟೆಂಟ್:
ಮಗಳಿಗೆ ಯಾವುದು ಹಚ್ಚಲಿ ಅಂತ ಯಾರಾದರೂ ಹೇಳುತ್ತೀರಾ?

ಇಬ್ಬರ ಅಮ್ಮ:
ಎರಡೂ ಆಗುತ್ತದೆ. ಎರಡು ತಿಂಗಳು ದಾಟಿದ ಮಕ್ಕಳಿಗೆ ಶೇಕಡಾ 30ರವರೆಗಿನ ಡೀಟ್ ಸರಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಿಮ್ಮ ಕೈಗೆ ಹಾಕಿಕೊಂಡು ಅವಳಿಗೆ ಹಚ್ಚಿ. ಅವಳ ಅಂಗೈಗೆ ಬೇಡ, ಮಕ್ಕಳು ಕಣ್ಣುಜ್ಜುತ್ತಾರೆ. ಸನ್‌ಸ್ಕ್ರೀನ್ ಮೊದಲು, ಇದು ಆಮೇಲೆ. ಎರಡೂ ಬೆರೆತ ಒಂದೇ ಕ್ರೀಮ್ ತರಬೇಡಿ, ಸನ್‌ಸ್ಕ್ರೀನ್ ಪದೇ ಪದೇ ಹಚ್ಚಬೇಕು, ಇದನ್ನಲ್ಲ. ನನ್ನ ದೊಡ್ಡವನಿಗೆ ಶಿಬಿರದಲ್ಲಿ ಆ ಎರಡೊಂದಾದ ಕ್ರೀಮನ್ನೇ ಗಂಟೆಗೊಮ್ಮೆ ಬಳಿದಿದ್ದರು. ಮೊಣಕೈ ಮಡಿಕೆಯೆಲ್ಲ ದದ್ದು. ವಾರ ಪೂರ್ತಿ ಶಾಲೆ ಹೋಯಿತು, ನನ್ನ ರಜೆಯೂ ಹೋಯಿತು, ಶಿಬಿರದವರು ಮಾತ್ರ ಫೋನ್ ಎತ್ತಲಿಲ್ಲ. ಊತಕ್ಕೆ ಮೊದಲೇ ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ.

ನಿಧಾನಿ:
ಟೆಂಟ್ ತೊರೆ ಪಕ್ಕ ಬೇಡ. ಗಾಳಿ ಆಡುವ ದಿಬ್ಬದ ಮೇಲೆ ಹಾಕಿ. ಗಾಳಿಯಿದ್ದರೆ ಸೊಳ್ಳೆಗೂ ನುಸಿಗೂ ಹಾರಲು ಆಗುವುದಿಲ್ಲ.

ಬೆಟ್ಟದ ಹುಚ್ಚ:
ಈ ಮಾತು ನಂಬಿ ದಿಬ್ಬದ ಮೇಲೆ ಹಾಕಿದ್ದಕ್ಕೇ ನನ್ನ ಟೆಂಟಿನ ಕಂಬ ಮಧ್ಯರಾತ್ರಿ ಮುರಿದದ್ದು. ಮುರಿದ ತುದಿ ಬಟ್ಟೆಯನ್ನೂ ಸೀಳಿತು. ಕಂಬ ಬಿಡಿಯಾಗಿ ಸಿಗಲಿಲ್ಲ, ಟೆಂಟೇ ಹೊಸದು ತರಬೇಕಾಯಿತು. ಸೊಳ್ಳೆ ಕಚ್ಚಿದ್ದರೆ ಇದರ ನೂರರಲ್ಲಿ ಒಂದು ಪಾಲೂ ಖರ್ಚಾಗುತ್ತಿರಲಿಲ್ಲ.

ನಿಧಾನಿ:
ಕಂಬ ಮುರಿಯುವುದು ಗಾಳಿಗಲ್ಲ, ಹಗ್ಗ ಬಿಗಿದು ಗೂಟ ಹೊಡೆಯದವರಿಗೆ.

ಬೆಟ್ಟದ ಹುಚ್ಚ:
ನಾಲ್ಕೂ ಕಡೆ ಹಗ್ಗ ಕಟ್ಟಿದ್ದೆ. ಫೋಟೋ ಇದೆ. ಹಾಕಲಾ?