ಸಹಾಯ ಬೇಕು: ದಿನಾ ಒಂದ್ ಹದಿನೈದ್ ನಿಮಿಷ ಸುಮ್ನೆ ಕೂರೋದು ಹೇಗೆ?

ಎಲ್ರಿಗೂ ನಮಸ್ಕಾರ. ನಮ್ಮನೆ ಮೈಸೂರು, ಕೆಲ್ಸ ಮಂಡ್ಯದಲ್ಲಿ, ದಿನಾ ಟ್ರೈನಲ್ಲಿ ಓಡಾಟ. ಬೆಳಗ್ಗೆ 5ಕ್ಕೆ ಎದ್ರೆ ತಿಂಡಿ, ಮಕ್ಕಳ ಡಬ್ಬಿ, ಅತ್ತೆ ಮಾತ್ರೆ, ಆಮೇಲೆ ಸ್ಟೇಷನ್ನಿಗೆ ಓಡೋದು, ರಾತ್ರಿ ಪಾತ್ರೆ ತೊಳ್ದು ಮಲಗೋವಷ್ಟ್ರಲ್ಲಿ ಹತ್ತೂವರೆ. ಈಗ ಪ್ರಮೋಷನ್ ತಗೊಂಡು ಬೆಂಗಳೂರಿಗೆ ಹೋಗ್ಬೇಕಾ ಬೇಡ್ವಾ ಅಂತ ಈ ತಿಂಗಳೊಳಗೆ ಹೇಳ್ಬೇಕು, ಮನೇಲಿ ಒಬ್ಬೊಬ್ರು ಒಂದೊಂದ್ ಹೇಳ್ತಾರೆ, ನನ್ನ ಮನಸ್ಸು ಏನ್ ಹೇಳ್ತಿದೆ ಅನ್ನೋದೇ ನಂಗೆ ಕೇಳಿಸ್ತಿಲ್ಲ.

ಹೋದ ಭಾನುವಾರ ಕುಕ್ಕರಹಳ್ಳಿ ಕೆರೆ ದಡದಲ್ಲಿ ಫೋನ್ ಸೈಲೆಂಟ್ ಮಾಡಿ ಕೂತೆ. ಮೊದಲ ಹತ್ ನಿಮಿಷ ಬರೀ ಅಕ್ಕಿ ನೆನೆಹಾಕಿಲ್ಲ, ಫೀಸ್ ಕಟ್ಟಿಲ್ಲ, ಇದೇ. ಆಮೇಲೆ ಒಂದು ನೀರುಕಾಗೆ ಕೊಂಬೆ ಮೇಲೆ ರೆಕ್ಕೆ ಅಗಲಿಸ್ಕೊಂಡು ಒಣಗಿಸ್ಕೊಳ್ತಾ ಇತ್ತು, ಅದನ್ನೇ ನೋಡ್ತಾ ನೋಡ್ತಾ ಯಾಕೋ ಅಳು ಬಂದ್ಬಿಡ್ತು, ಮನಸ್ಸು ಹಗುರ ಆಯ್ತು. ಅಷ್ಟೊತ್ತಿಗೆ ಮನೆಯಿಂದ ಮೂರು ಮಿಸ್ಡ್ ಕಾಲ್.

ದಿನಾ ಹೀಗೆ ಕೂರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಯಾವ್ ಹೊತ್ತಲ್ಲಿ ಕೂರ್ತೀರ, ಮನೆಯವ್ರಿಗೆ ಏನಂತ ಹೇಳಿ ಒಪ್ಪಿಸಿದ್ರಿ? ಮನಸ್ಸಿಗೆ ಬಂದಿದ್ದನ್ನ ಬರೆದಿಟ್ರೆ ಒಳ್ಳೇದಾ? ಚಾಮುಂಡಿ ಬೆಟ್ಟದ ಮೆಟ್ಲಲ್ಲಿ ನಂದಿವರೆಗೆ ಒಬ್ಳೇ ಹತ್ತೋಣ ಅಂತಾನೂ ಇದೆ, ವಾರದ ದಿನ ಬೆಳಗ್ಗೆ ಅಲ್ಲಿ ಜನ ಕಮ್ಮಿ ಇರ್ತಾರಾ? ಕ್ಲಾಸು, ಆ್ಯಪು ಬೇಡ ಅಕ್ಕ ಅಣ್ಣಂದಿರೇ, ನೀವು ಮಾಡಿ ನೋಡಿದ್ದನ್ನೇ ಹೇಳಿ.