ನಾಲ್ಕು ನಿಮಿಷದ ಚಾರ್ಜ್‌ನಲ್ಲಿ ಹಡಗು ಓಡುತ್ತಾ?

ಕಡಲಕರೆ: ಫ್ರಾನ್ಸ್‌ನ ಲೋರಿಯಾಂ ಬಂದರಲ್ಲಿ 2013ರಲ್ಲೇ ‘ಆರ್ ವಾಗ್ ಟ್ರೆಡಾನ್’ ಅನ್ನೋ ಫೆರಿ ನೀರಿಗಿಳಿಸಿದ್ರು. ಸೂಪರ್‌ಕೆಪಾಸಿಟರ್ ಮೇಲೇ ಓಡೋದು, ಅಂದ್ರೆ ಬ್ಯಾಟರಿ ಬದಲು ಸರ್ರನೆ ಕರೆಂಟ್ ತುಂಬಿಕೊಂಡು ಸರ್ರನೆ ಬಿಡೋ ದೊಡ್ಡ ಕೆಪಾಸಿಟರ್. ನೂರಕ್ಕೂ ಹೆಚ್ಚು ಜನ, ದಾಟೋಕೆ ಏಳು ನಿಮಿಷ, ದಡದಲ್ಲಿ ನಾಲ್ಕು ನಿಮಿಷ ಚಾರ್ಜ್. ಹೊಗೆಯೇ ಇಲ್ಲ. ನಮ್ಮ ಮಂಗಳೂರಿನ ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ದೋಣಿಗೆ ಹೇಳಿ ಮಾಡಿಸಿದ ಹಾಗಿದೆ. ಬ್ಯಾಟರಿ ಕಾಲ ಮುಗೀತು.

ಲೆಕ್ಕದಣ್ಣ: ‘ಬ್ಯಾಟರಿ ಕಾಲ ಮುಗೀತು’ ಅಂತೆ! 3000 ಫ್ಯಾರಡ್, 2.7 ವೋಲ್ಟ್‌ನ ಸೂಪರ್‌ಕೆಪಾಸಿಟರ್ ಸೆಲ್ ಕೈಲಿ ಹಿಡಿದು ನೋಡಿದ್ದೀರಾ? ಹತ್ತಿರಹತ್ತಿರ ಅರ್ಧ ಕೆಜಿ ಡಬ್ಬಿ, ಒಳಗಿರೋ ಶಕ್ತಿ ಬರೀ 3 ವಾಟ್-ಅವರ್. 5000 ಎಂಎಎಚ್ ಫೋನಲ್ಲೇ ಅದರ ಆರು ಪಟ್ಟು ಇರುತ್ತೆ.

ಕಡಲಕರೆ: ಫೋನ್ ಹಿಡ್ಕೊಂಡು ಹೊಳೆ ದಾಟಿ ತೋರಿಸಿ. ಕೆಪಾಸಿಟರ್ ಲಕ್ಷಗಟ್ಟಲೆ ಸಲ ಚಾರ್ಜ್ ತಡ್ಕೊಳುತ್ತೆ. ಲಿಥಿಯಂ ಕೆಲವು ಸಾವಿರಕ್ಕೇ ಸುಸ್ತು. ದಿನವಿಡೀ ಆಚೆ ಈಚೆ ಓಡೋ ದೋಣಿಗೆ ಯಾವುದು ಬೇಕು?

ಕೊಚ್ಚಿ_ಕನ್ನಡಿಗ: ‘ಕೆಲವು ಸಾವಿರ’ ಹಳೇ ಕಥೆ. ಇಲ್ಲಿ ವಾಟರ್ ಮೆಟ್ರೋ 2023ರ ಏಪ್ರಿಲ್‌ನಿಂದ ಓಡ್ತಿದೆ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ನೂರು ಜನರ ದೋಣಿಗಳು, ಎಲ್‌ಟಿಒ (ಲಿಥಿಯಂ ಟೈಟನೇಟ್) ಬ್ಯಾಟರಿ, ಹತ್ತು–ಹದಿನೈದು ನಿಮಿಷದಲ್ಲಿ ಚಾರ್ಜ್. ಹತ್ತು ಸಾವಿರ ಸಲ ಆದ್ರೂ ಅದಕ್ಕೇನೂ ಆಗಲ್ಲ.

ಕಡಲಕರೆ: ಎಲ್‌ಟಿಒ ಅಂದ್ರೆ ಅರ್ಧ ಕೆಪಾಸಿಟರೇ ಬಿಡಿ. ನನ್ನ ವಾದಕ್ಕೇ ಸಾಕ್ಷಿ ತಂದು ಕೊಟ್ರಿ, ಥ್ಯಾಂಕ್ಸ್.

ಲೆಕ್ಕದಣ್ಣ: ಅರ್ಧ ಕೆಪಾಸಿಟರ್!! ಸ್ವಾಮಿ, ಟೈಟನೇಟ್‌ನಲ್ಲಿ ಲಿಥಿಯಂ ಅಯಾನು ಹರಳಿನ ಒಳಗೆ ಹೋಗಿ ಕೂರುತ್ತೆ. ಸೂಪರ್‌ಕೆಪಾಸಿಟರಲ್ಲಿ ದ್ರಾವಣದ ಅಯಾನು ಇಂಗಾಲದ ಮೇಲ್ಮೈಗೆ ಅಂಟಿಕೊಳ್ಳುತ್ತೆ ಅಷ್ಟೆ. ಬೇಗ ಚಾರ್ಜ್ ಆಗೋದೆಲ್ಲ ಕೆಪಾಸಿಟರ್ ಆಗಿಬಿಟ್ರೆ ಮುಗೀತು ಕಥೆ.

ಕಡಲಕರೆ: ಲಿಥಿಯಂ-ಅಯಾನ್ ಕೆಪಾಸಿಟರ್ ಅಂತಲೇ ಒಂದಿದೆ, ಗೊತ್ತಾ? ಒಂದು ಕಡೆ ಬ್ಯಾಟರಿ ಥರ, ಇನ್ನೊಂದು ಕಡೆ ಕೆಪಾಸಿಟರ್ ಥರ. ಓದ್ಕೊಂಡು ಬನ್ನಿ.

ಲೆಕ್ಕದಣ್ಣ: ಅದಿದೆ, ಕೊಚ್ಚಿ ದೋಣಿಯಲ್ಲಿಲ್ಲ. ಮಾತು ಹಾರಿಸಬೇಡಿ.

ಎಂಜಿನ್_ರೂಮ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಕಡಲು ದಾಟೋ ಹಡಗನ್ನ ಇವೆರಡೂ ಒಬ್ಬಂಟಿಯಾಗಿ ಓಡಿಸಲ್ಲ. ಕೆಪಾಸಿಟರ್ ನಿಜವಾಗಿ ಬೇಕಾಗೋದು ಬೇರೆ ಕಡೆ. ಕ್ರೇನ್ ಎತ್ತುವಾಗ, ಥ್ರಸ್ಟರ್ (ಹಡಗನ್ನ ಪಕ್ಕಕ್ಕೆ ತಳ್ಳೋ ಪ್ರೊಪೆಲ್ಲರ್) ಹಾಕಿದಾಗ ಲೋಡ್ ಒಮ್ಮೆಲೇ ಜಿಗಿಯುತ್ತೆ. ಆ ಜಿಗಿತಕ್ಕೆ ಹೆದರಿ ಇನ್ನೊಂದು ಜನರೇಟರನ್ನ ಸುಮ್ಮನೆ ಓಡಿಸ್ತಾ ಇರ್ತೀವಿ, ಕಡಿಮೆ ಲೋಡಲ್ಲಿ ಡೀಸೆಲ್ ಕುಡೀತಾ ಇರುತ್ತೆ. ಆ ಕೆಲವು ಸೆಕೆಂಡನ್ನ ಕೆಪಾಸಿಟರ್ ಹೊತ್ತುಕೊಂಡ್ರೆ ಆ ಜನರೇಟರನ್ನ ಆಫ್ ಮಾಡಬಹುದು.

ಕಡಲಕರೆ: ‘ಡೀಸೆಲ್’ ಬಂತು ನೋಡಿ. ಯಾರ ಪರ ಅಂತ ಗೊತ್ತಾಯ್ತು.

ಎಂಜಿನ್_ರೂಮ್: ಆಫ್ ಮಾಡಬಹುದು ಅಂತ ಬರೆದಿದ್ದು ಮಾರಾಯ್ರೇ.

ಕೊಚ್ಚಿ_ಕನ್ನಡಿಗ: ನಾಲ್ಕು ನಿಮಿಷದ ಚಾರ್ಜ್‌ಗೆ ಅಷ್ಟು ಕರೆಂಟ್ ದಡದಲ್ಲಿ ಎಲ್ಲಿಂದ ಬರುತ್ತೆ? ನಾರ್ವೆಯ ‘ಆಂಪಿಯರ್’ ಫೆರಿ, 2015. ಹಳ್ಳಿಯ ಲೈನ್ ತಡೆಯಲ್ಲ ಅಂತ ಎರಡೂ ದಡದಲ್ಲಿ ಬ್ಯಾಟರಿ ಇಟ್ರು. ಕೆಪಾಸಿಟರ್ ದೋಣಿಗೂ ಕೊನೆಗೆ ದಡದಲ್ಲಿ ಬ್ಯಾಟರಿಯೇ!

ಕಡಲಕರೆ: ಆಂಪಿಯರ್ ಬ್ಯಾಟರಿ ಫೆರಿ. ನಿಮ್ಮ ಸಾಕ್ಷಿ ನಿಮಗೇ ಉಲ್ಟಾ.

ಲೆಕ್ಕದಣ್ಣ: ಈಗ ಬ್ಯಾಟರಿ ಬೇರೆ, ಕೆಪಾಸಿಟರ್ ಬೇರೆ ಆಯ್ತಾ? ಎಲ್‌ಟಿಒ ಮಾತ್ರ ಅರ್ಧ?

ಕಡಲಕರೆ: ಅರ್ಧ ಅಂದ್ರೆ ಗುಣದಲ್ಲಿ. ಮೊದಲೇ ಹೇಳಿದ್ದೆ.

ಲೆಕ್ಕದಣ್ಣ: ಎಲ್ಲಿ ಹೇಳಿದ್ರಿ? ಸ್ಕ್ರೀನ್‌ಶಾಟ್ ಇಟ್ಕೊಂಡಿದ್ದೀನಿ.