ಅಪ್‌ಡೇಟ್: ಅಪ್ಪನ ಜೊತೆ ವಸಾಯಿ ಕೋಟೆ ನೋಡಿ ಬಂದೆವು

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ರಜೆಗೆ ಬರುವ ಅಪ್ಪನಿಗೆ ಮಂಡಿನೋವು, ಮುಂಬೈ ಹತ್ತಿರದ ವಸಾಯಿ ಕೋಟೆಗೆ ಕರೆದುಕೊಂಡು ಹೋಗಬಹುದಾ ಎಂದು ಕೇಳಿದ್ದೆ. ಹೋಗಿ ಬಂದೆವು! ಬೆಳಿಗ್ಗೆ ಬೇಗ ಹೊರಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್.

ದಾದರ್‌ನಲ್ಲಿ ವಿರಾರ್ ಲೋಕಲ್ ರೈಲು ಹತ್ತಿ ವಸಾಯಿ ರೋಡ್‌ನಲ್ಲಿ ಇಳಿದೆವು. ಅಲ್ಲಿಂದ ರಿಕ್ಷಾ. ರಸ್ತೆ ಕೋಟೆಯ ಒಳಗೇ ಹೋಗುತ್ತದೆ, ಹಾಗಾಗಿ ಅಪ್ಪನಿಗೆ ನಡಿಗೆ ಕಡಿಮೆಯಾಯಿತು.

ಕೋಟೆ ಅಂದರೆ ಬುರುಜು, ಫಿರಂಗಿ ಅಂದುಕೊಂಡಿದ್ದೆ. ಇದು ಗೋಡೆಯೊಳಗಿನ ಒಂದು ಊರೇ. ಪೋರ್ಚುಗೀಸರಿಗೆ ವಸಾಯಿ ಸಿಕ್ಕಿದ್ದು 1534ರಲ್ಲಿ, ಗುಜರಾತಿನ ಸುಲ್ತಾನ ಬಹಾದುರ್ ಶಾಹನಿಂದ. ಆಮೇಲೆ ಚರ್ಚು, ಮಠ, ಮನೆ ಎಲ್ಲ ಎದ್ದವು. ಈಗ ಸೂರಿಲ್ಲದ ಗೋಡೆಗಳು, ಅವುಗಳ ಮೇಲೆ ಆಲದ ಬೇರು.

ಫ್ರಾನ್ಸಿಸ್ಕನ್ ಸನ್ಯಾಸಿಗಳ ಚರ್ಚನ್ನು ಮಾತ್ರ ತಪ್ಪಿಸಬೇಡಿ. ಅದರ ನೆಲದ ತುಂಬ ಸಮಾಧಿ ಕಲ್ಲುಗಳು, ಮೇಲೆ ಪೋರ್ಚುಗೀಸ್ ಅಕ್ಷರಗಳು. ಅಪ್ಪ ಚಪ್ಪಲಿ ಬಿಟ್ಟು ಒಂದೊಂದೇ ಅಕ್ಷರ ಬೆರಳಲ್ಲಿ ತಡವಿದರು. ಎಷ್ಟು ದೂರದಿಂದ ಬಂದು ಇಲ್ಲಿ ಮಣ್ಣಾದರು ನೋಡು ಅಂದರು. ನನಗೆ ಗಂಟಲು ಕಟ್ಟಿತು.

1739ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಕೋಟೆ ಗೆದ್ದರು. ಅವರ ಪ್ರತಿಮೆ ಒಳಗೇ ಇದೆ. ಇಲ್ಲಿಯ ಚರ್ಚಿನ ಗಂಟೆಯೊಂದು ನಾಶಿಕದ ನಾರೋಶಂಕರ ದೇವಸ್ಥಾನದಲ್ಲಿ ಇಂದಿಗೂ ಇದೆ, ಗೊತ್ತಾ? ಅಪ್ಪನಿಗೆ ಈಗ ಅದನ್ನು ನೋಡುವ ಆಸೆ.

ಸೇಂಟ್ ಜೋಸೆಫ್ ಚರ್ಚಿನ ಗೋಪುರ ಹತ್ತಲಿಲ್ಲ. ಮೆಟ್ಟಿಲು ತುಂಬ ಕಿರಿದು, ಮಂಡಿನೋವಿದ್ದವರಿಗೆ ಬೇಡವೇ ಬೇಡ. ನೀರು, ಟೋಪಿ ಮನೆಯಿಂದಲೇ ಒಯ್ಯಿರಿ. ನಾವು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಮರದ ನೆರಳಲ್ಲಿ ಕೂತು ತಿಂದು, ಮಧ್ಯಾಹ್ನದ ಲೋಕಲ್‌ಗೆ ವಾಪಸ್ ಬಂದೆವು.